ತಳ ಒಣಗಿದ ಗಡಿಗೆ

ನಮ್ಮೂರಲ್ಲಿ ಹೊಸ ನೀರು ಪೈಪಿನೊಳಗೆ ಕಾಯುವುದಿಲ್ಲ. ಒಲೆಯ ಮೇಲಿಟ್ಟರೆ ಕುದಿಯುತ್ತದೆ, ಅನ್ನ ಬೇಯುತ್ತದೆ, ಮೈಮೇಲೆ ಚೆಲ್ಲಿದರೆ ಬೊಬ್ಬೆ ಏಳುತ್ತದೆ. ಅದೇ ನೀರನ್ನು ಮನೆ ಬೆಚ್ಚಗಿಡುವ ಪೈಪಿಗೆ ತುಂಬಿ, ಬಾಯ್ಲರಿಗೆ ಎಷ್ಟು ಸೌದೆ ಒಟ್ಟಿದರೂ ಬಾವಿಯಲ್ಲಿದ್ದಷ್ಟೇ ತಣ್ಣಗಿರುತ್ತದೆ. ಹಿಂದೆ ಯಾವುದಾದರೂ ಮನೆಯ ಪೈಪಿನಲ್ಲಿ ಓಡಾಡಿ ಬಂದ ನೀರೇ ಆಗಬೇಕು. ಹಳೆ ನೀರು ಅನ್ನುತ್ತೇವೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಎಷ್ಟಿತ್ತೋ ಅಷ್ಟರಲ್ಲೇ ಇಡೀ ಊರು ಬದುಕಬೇಕು. ಪೈಪಿನಿಂದ ಹೊರಬಿದ್ದ ಹಳೆ ನೀರು ಹಗಲೆಲ್ಲ ಬಿಸಿಯಾಗಿಯೇ ಇದ್ದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾತ್ರೆಯಿಂದ ಇಲ್ಲವಾಗುತ್ತದೆ. ಅಷ್ಟರೊಳಗೆ ಮತ್ತೆ ಪೈಪು ಸೇರಿದರೆ ಸೇರಿತು, ಇಲ್ಲದಿದ್ದರೆ ಊರಿಗೆ ಅಷ್ಟು ನಷ್ಟ. ವರ್ಷಕ್ಕೆ ಎಂಟು ತಿಂಗಳು ಹಿಮ ಬೀಳುವ ಊರಲ್ಲಿ ಇದು ಎಂಥ ಪಾಡು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಸಿದ್ಲಿಂಗ. ನಲವತ್ತೊಂದು ವರ್ಷದಿಂದ ಒತ್ತಡ ನೋಡುವ ಕಸುಬು ನನ್ನದು. ಪ್ರತಿ ಮನೆಯ ಬಾಯ್ಲರಿಗೂ ಒಂದು ಮೀಟರು ಇರುತ್ತದೆ. ಅದರ ಮುಳ್ಳು ಒಂದೂವರೆಯಲ್ಲಿ ನಿಂತಿದ್ದರೆ ಮನೆಯವರಿಗೆ ನಿದ್ದೆ ಬರುತ್ತದೆ. ಒಂದಕ್ಕಿಂತ ಕೆಳಗಿಳಿದರೆ ಮಹಡಿಯ ಕೋಣೆಗಳಿಗೆ ನೀರು ಏರುವುದಿಲ್ಲ. ಮೂರು ದಾಟಿದರೆ ಸೇಫ್ಟಿ ವಾಲ್ವು ಬಾಯಿ ಬಿಟ್ಟು ನೀರನ್ನು ಹೊರಗೆ ಉಗುಳುತ್ತದೆ. ಮುಳ್ಳು ಇಳಿದ ಮನೆಗೆ ಹೋಗಿ, ನೀರು ಎಲ್ಲಿ ಹೋಯಿತು ಅಂತ ಹೇಳುವವನು ನಾನು. ಸಿದ್ಲಿಂಗಣ್ಣ ಹೇಳಿದ ಮೇಲೆ ಮುಗೀತು ಅನ್ನುತ್ತಿದ್ದರು ಜನ. ಆ ಮಾತು ಕೇಳಿ ಕೇಳಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ನನಗೆ.

ವಾಲ್ವಿನಿಂದ ಒಂದು ಸಣ್ಣ ಪೈಪು ಗೋಡೆ ತೂರಿ ಹಿತ್ತಲಿಗೆ ಬರುತ್ತದೆ. ಅದರ ಬಾಯಿಗೆ ಒಂದು ಗಡಿಗೆ ಇಡುವುದು ಪದ್ಧತಿ. ಬಾಯ್ಲರು ಜೋರಾಗಿ ಉರಿಯುವಾಗ ಒಂದೆರಡು ಲೋಟ ಬಿದ್ದರೆ, ಮಾರನೆಯ ಬೆಳಗ್ಗೆ ಮನೆಯವರು ಅದನ್ನು ವಾಪಸ್ಸು ಪೈಪಿಗೆ ಹುಯ್ಯುತ್ತಾರೆ. ಹಾಗಂತ ಹೇಳಿಕೊಳ್ಳುತ್ತೇವೆ, ಅಷ್ಟೇ. ಊರಾಚೆ, ಹಳೆಯ ಸುಣ್ಣದ ಗೂಡುಗಳ ಸಾಲಿನಲ್ಲಿ ಬಾಯ್ಲರಿಲ್ಲದ, ಪೈಪಿಲ್ಲದ ನಲವತ್ತು ಜನ ಇದ್ದಾರೆ. ರಾತ್ರಿ ಹೇಗೋ ಒಣ ಪುರಳೆ ಕಡ್ಡಿ ಉರಿಸಿಕೊಂಡು ಕಳೆಯುತ್ತಾರೆ. ಕೋಳಿ ಕೂಗುವ ಹೊತ್ತಿಗೆ ನಮ್ಮ ಹಿತ್ತಲುಗಳಿಗೆ ಬಂದು, ಗಡಿಗೆಯಲ್ಲಿದ್ದದ್ದನ್ನು ಹೂಜಿಗೆ ಬಗ್ಗಿಸಿಕೊಂಡು ಹೋಗುತ್ತಾರೆ. ಕಂಬಳಿಯೊಳಗೆ ಆ ಹೂಜಿ ಅವುಚಿಕೊಂಡರೆ ಸಂಜೆಯ ತನಕ ಜೀವ ಹಿಡಿಯಬಹುದು. ಇದು ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕಂಡರೂ ಕಾಣದ ಹಾಗೆ ಇರಬೇಕು. ಆ ಕಡೆಯವರದೂ ಒಂದು ಮರ್ಯಾದೆ ಉಂಟು. ಎಷ್ಟೇ ಕಷ್ಟವಿರಲಿ, ತಳದಲ್ಲಿ ಒಂದು ಬೊಗಸೆ ಬಿಟ್ಟೇ ಹೋಗುತ್ತಾರೆ. ನನ್ನಂಥವರು ಆ ಬೊಗಸೆಯನ್ನು ನೋಡಿಯೇ ಲೆಕ್ಕ ಹಿಡಿಯುವುದು. ತಳ ಒದ್ದೆಯಿದ್ದರೆ ವಾಲ್ವು ಉಗುಳಿದೆ, ಒಣಗಿದ್ದರೆ ಉಗುಳಿಲ್ಲ.

ಸಾವಂತ್ರಿ ನನ್ನ ಒಬ್ಬಳೇ ಮಗಳು. ಅವಳಿಗೆ ಒಂಬತ್ತು ತುಂಬುವಾಗ ಅವಳವ್ವ ತೀರಿಕೊಂಡಳು. ಆಮೇಲೆ ನನ್ನ ಹಿಂದೆಯೇ ಮನೆಮನೆ ತಿರುಗಿದಳು, ಸ್ಪ್ಯಾನರು ಹಿಡಿದಳು, ಪೈಪಿನ ನೀರು ತುಂಬಿಕೊಂಡು ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಕಿವಿ ಹಚ್ಚಿ ಗಾಳಿ ಸಿಕ್ಕಿಕೊಂಡಿದೆಯೋ ಇಲ್ಲವೋ ಹೇಳುವುದನ್ನು ಕಲಿತಳು. ಇಪ್ಪತ್ತೆರಡಕ್ಕೆ ಹಾಲಮ್ಮನ ಮಗ ಮೈಲಾರಿಗೆ ಕೊಟ್ಟೆ. ಒಳ್ಳೆಯ ಮನೆ. ಮದುವೆಯ ಹೊಸದರಲ್ಲಿ ಮೈಲಾರಿ ಮಹಡಿಯ ಕೋಣೆಗೆ ಒಂದಲ್ಲ ಎರಡು ರೇಡಿಯೇಟರು ಹಾಕಿಸಿದ. ನನ್ನ ಮಗಳು ಬೆಚ್ಚಗಿದ್ದಾಳೆ ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರನೆಯ ಚಳಿಗಾಲದ ಮೊದಲ ತಿಂಗಳಲ್ಲೇ ಹಾಲಮ್ಮ ಹೇಳಿ ಕಳಿಸಿದಳು. ಮುಳ್ಳು ದಿನಾ ಬೆಳಗ್ಗೆ ಅರ್ಧಕ್ಕೆ ಬಂದು ಕೂತಿರುತ್ತಿತ್ತು. ಅಕ್ಕಪಕ್ಕದವರು ತಮ್ಮ ರೇಡಿಯೇಟರುಗಳಿಂದ ನಾಲ್ಕು ಸಲ ನೀರು ಬಿಟ್ಟುಕೊಟ್ಟಿದ್ದರು. ಐದನೆಯ ಸಲಕ್ಕೆ ಮುಖ ತಿರುಗಿಸಿದ್ದರು, ಅವರದೂ ತಪ್ಪಲ್ಲ. ನಾನು ಹೋದೆ. ಬಾಯ್ಲರು ತಣ್ಣಗಿದ್ದಾಗಲೇ ಮುಳ್ಳು ನೋಡಬೇಕು ಅನ್ನುವುದು ನಮ್ಮ ಕಸುಬಿನ ಕಟ್ಟು, ಹಾಗಾಗಿ ಬೆಳಗ್ಗೆಯೇ ಹೋದೆ. ಒಂದೊಂದು ಜಾಯಿಂಟಿಗೂ ಹಳೆ ಪೇಪರು ಸುತ್ತಿ ಗಳಿಗೆ ಕಾದೆ, ಎಲ್ಲೂ ಪೇಪರು ಒದ್ದೆಯಾಗಲಿಲ್ಲ. ಪಡಸಾಲೆಯ ಹಲಗೆ ಎಬ್ಬಿಸಿದೆ. ಮಹಡಿಯ ಪೈಪನ್ನು ಬೇರೆ, ಕೆಳಗಿನದನ್ನು ಬೇರೆ ಮಾಡಿ, ನೀರು ತಡೆಯುವ ಕೀಲಿ ಮುಚ್ಚಿ ನೋಡಿದೆ. ಮೂರು ದಿನ ಆ ಮನೆಯಲ್ಲಿ ಮಂಡಿಯೂರಿ ಓಡಾಡಿದ್ದೇನೆ. ಹಿತ್ತಲಿಗೆ ಹೋಗಿ ಗಡಿಗೆಯ ತಳಕ್ಕೆ ಬೆರಳು ಒತ್ತಿ ನೋಡಿದೆ. ಮೂರು ದಿನವೂ ಒಣಗಿತ್ತು, ಬೆರಳಿಗೆ ಒಂದು ಹನಿಯೂ ಹತ್ತಲಿಲ್ಲ.

ಸಾವಂತ್ರಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಗಾಳಿ ಟ್ಯಾಂಕಿನ ಪಿನ್ನು ಒತ್ತಿ ನೋಡಿದ್ಯಾ?" ಅಂದಳು. ಗಾಳಿ ಟ್ಯಾಂಕು ಅಂದರೆ ಬಾಯ್ಲರಿನ ಪಕ್ಕ ಇರುವ ಕೆಂಪು ಡಬ್ಬ. ಒಳಗೆ ಫುಟ್‌ಬಾಲಿನಲ್ಲಿರುವಂಥ ರಬ್ಬರಿನ ಬ್ಲಾಡರು, ಅದರ ಒಂದು ಮಗ್ಗುಲಿಗೆ ಗಾಳಿ, ಇನ್ನೊಂದು ಮಗ್ಗುಲಿಗೆ ನೀರು. ಕಾದ ನೀರು ಉಬ್ಬಿದಾಗ ಗಾಳಿ ಒತ್ತಿಕೊಂಡು ಜಾಗ ಬಿಡುತ್ತದೆ. ಬ್ಲಾಡರು ಸೀಳಿದರೆ ನೀರಿಗೆ ಉಬ್ಬಲು ಜಾಗವಿಲ್ಲದೆ ವಾಲ್ವು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಸೈಕಲ್ ಟ್ಯೂಬಿಗಿರುವಂಥ ಪಿನ್ನು ಅದಕ್ಕೂ ಇದೆ. ಒತ್ತಿದಾಗ ಗಾಳಿ ಬಂದರೆ ಸರಿ, ನೀರು ಚಿಮ್ಮಿದರೆ ಕೆಟ್ಟಿದೆ ಅಂತ. ಆದರೆ ಚಿಮ್ಮಿದ ಹಳೆ ನೀರು ಹಾಳಲ್ಲವೇ? ಅದಕ್ಕೇ ಗಡಿಗೆಯ ತಳ ಒದ್ದೆಯಿದ್ದರೆ ಮಾತ್ರ ಪಿನ್ನು ಮುಟ್ಟುತ್ತೇವೆ. "ಗಡಿಗೆ ಒಣಗಿದೆ ಕಣವ್ವಾ. ಒಣಗಿದ ಮೇಲೆ ಪಿನ್ನು ಯಾಕೆ?" ಅಂದೆ. "ಆದ್ರೂ ಒಂದ್ಸಲ ಒತ್ತು" ಅಂದಳು. ಹಾಲಮ್ಮ, ಮೈಲಾರಿ ಇಬ್ಬರೂ ಅಲ್ಲೇ ಇದ್ದರು. "ಹೆತ್ತಪ್ಪನಿಗೇ ಕಸುಬು ಹೇಳಿಕೊಡ್ತಾಳೆ ನೋಡ್ರಿ" ಅಂತ ನಾನು ನಕ್ಕೆ. ಪಿನ್ನು ಒತ್ತಲಿಲ್ಲ.

ಒಂದು ಬೆರಳಿನ ಕೆಲಸ ಅದು. ಒಂದು ಬೆರಳು.

ಸೋರಿಕೆ ಇಲ್ಲ, ವಾಲ್ವು ಉಗುಳಿಲ್ಲ, ನೀರು ಮಾತ್ರ ಇಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ, ಯಾರೋ ಒಳಗಿನವರು ರೇಡಿಯೇಟರಿನ ಕೀಲಿ ತಿರುಗಿಸಿ ತೆಗೆಯುತ್ತಿದ್ದಾರೆ. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಕಳ್ಳತನವಿಲ್ಲ. ಹಾಲಮ್ಮ ಕೇಳಿದಳು, "ಬೀಗರೇ, ನಿಮ್ಮ ಮನೆ ಮುಳ್ಳು ಎಷ್ಟರಲ್ಲೈತೆ?" ಒಂದೂವರೆ ಅಂದೆ, ಹದಿನೆಂಟು ವರ್ಷದಿಂದ ಅಲುಗಿಲ್ಲ ಅಂದೆ. ಅವಳು ಸೊಸೆಯ ಮುಖ ನೋಡಿದಳು, ಮೈಲಾರಿಯೂ ನೋಡಿದ. ಆಗಲಾದರೂ ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿರಬಹುದಿತ್ತು, ಇನ್ನೊಂದು ದಿನ ನೋಡೋಣ ಅನ್ನಬಹುದಿತ್ತು. ಮಗಳ ಮನೆ ಅಂತ ಸಿದ್ಲಿಂಗ ಮಾತು ತಿರುಗಿಸಿದ ಅನ್ನಿಸಿಕೊಳ್ಳಬಾರದು, ಅದೊಂದೇ ನನ್ನ ತಲೆಯಲ್ಲಿತ್ತು. "ಒಳಗಿನ ಕೈಯೇ" ಅಂದುಬಿಟ್ಟೆ. ಸಾವಂತ್ರಿ ಕೂಗಾಡಲಿಲ್ಲ. "ನಾನು ತೆಗೆದಿಲ್ಲ ಅಪ್ಪಾ" ಅಂತ ಒಂದೇ ಸಲ ಅಂದಳು. "ಮುಳ್ಳಿಗೆ ಮಗಳು ಸೊಸೆ ಅಂತ ಇಲ್ಲವ್ವಾ" ಅಂದೆ ನಾನು. ಈ ಮಾತು ಆಮೇಲೆ ಊರೆಲ್ಲ ಓಡಾಡಿತು, ಜನ ಮೆಚ್ಚಿದರು.

ಇಂಥದಕ್ಕೆ ಪದ್ಧತಿ ಇದೆ. ಯಾರ ಮೇಲೆ ಅನುಮಾನವೋ ಅವರ ಕೋಣೆಯ ರೇಡಿಯೇಟರಿನ ಕೀಲಿ ಮುಚ್ಚಿ, ಅದರಲ್ಲಿನ ನೀರನ್ನು ಮನೆಯ ಪೈಪಿಗೆ ಸೇರಿಸಿ, ಎಂಟು ದಿನ ಮುಳ್ಳು ನೋಡುತ್ತಾರೆ. ನಾನೇ ಮುಚ್ಚಿದೆ, ಎರಡನ್ನೂ. ಎಂಟು ದಿನ ನನ್ನ ಮಗಳು ಗೋಡೆಗೆ ಹಿಮ ಹತ್ತಿದ ಕೋಣೆಯಲ್ಲಿ ಮಲಗಿದಳು, ಎಂಟು ದಿನವೂ ಮುಳ್ಳು ಒಂದೂವರೆ ಬಿಟ್ಟು ಕದಲಲಿಲ್ಲ. ಕದಲುವುದು ಹೇಗೆ? ಎರಡು ರೇಡಿಯೇಟರಿನಷ್ಟು ನೀರು ಕಾಯುವುದು ತಪ್ಪಿತು, ಅಷ್ಟು ಉಬ್ಬುವುದು ತಪ್ಪಿತು. ಸೀಳಿದ ಬ್ಲಾಡರಿನಲ್ಲಿ ಉಳಿದಿದ್ದ ಚೂರುಪಾರು ಗಾಳಿಯೇ ಸಾಕಾಯಿತು, ವಾಲ್ವು ಬಾಯಿ ಬಿಡಲಿಲ್ಲ. ಇದೆಲ್ಲ ಈಗ ಹೊಳೆಯುತ್ತದೆ. ಆಗ ನಾನೂ ಊರವರ ಜೊತೆ ತಲೆಯಾಡಿಸಿದೆ.

ಹಾಲಮ್ಮ ಜಗಳ ಮಾಡುವ ಹೆಂಗಸಲ್ಲ. ಸಾವಂತ್ರಿಯ ಗಂಟು ಕಟ್ಟಿ ಜಗುಲಿಯ ಮೇಲಿಟ್ಟು, "ಕರ್ಕೊಂಡು ಹೋಗ್ರಿ ಬೀಗರೇ, ನಿಮ್ಮ ಮಗಳು ನಿಮ್ಮ ಹತ್ರ ಇರ್ಲಿ" ಅಂದಳು. ನಾನು ಕರಕೊಂಡು ಹೋಗಲಿಲ್ಲ. ಕರಕೊಂಡು ಹೋದರೆ ಆ ನೀರು ನನ್ನ ಮನೆಗೇ ಬಂದಿತ್ತು ಅಂತ ಒಪ್ಪಿಕೊಂಡ ಹಾಗಲ್ಲವೇ? ಆಮೇಲೆ ಯಾವ ಮನೆಯವರು ನನ್ನನ್ನು ಬಾಯ್ಲರಿನ ಹತ್ತಿರ ಬಿಟ್ಟಾರು? "ಸ್ವಲ್ಪ ದಿನ ತಡಿ, ಜನ ಮರೀಲಿ" ಅಂತ ಮಗಳಿಗೆ ಹೇಳಿದೆ. "ಎಲ್ಲಿ ತಡೀಲಿ ಅಪ್ಪಾ?" ಅಂದಳು. ನಾನು ಸ್ಪ್ಯಾನರನ್ನು ಚೀಲಕ್ಕೆ ಹಾಕುವುದರಲ್ಲಿ ಮಗ್ನನಾದ ಹಾಗೆ ಮಾಡಿದೆ. ಅವಳು ಗಂಟು ಎತ್ತಿಕೊಂಡು ಸುಣ್ಣದ ಗೂಡಿನ ಕಡೆ ನಡೆದಳು. ಮನೆ ತಪ್ಪಿದವರಿಗೆ ಬೇರೆ ಜಾಗ ಈ ಊರಲ್ಲಿ ಎಲ್ಲಿದೆ.

ಒಂದು ವರ್ಷ ನಾನು ಆ ಕಡೆ ಹೋಗಲಿಲ್ಲ. ಜೋಳದ ಹಿಟ್ಟು, ಒಂದು ಕಂಬಳಿ ಅವರಿವರ ಕೈಯಲ್ಲಿ ಕಳಿಸಿದೆ. ಚಳಿಗಾಲ ಮುಗಿದು ಮತ್ತೆ ಬಂತು. ಮೈಲಾರಿಗೆ ಇನ್ನೊಂದು ಮದುವೆಯಾಯಿತು. ಹೊಸ ಸೊಸೆಗೆ ಅಂತ ಮಹಡಿಯ ಕೋಣೆ ತೆರೆದರು, ನೆರೆಯವರಿಂದ ನೀರು ತಂದು ಎರಡೂ ರೇಡಿಯೇಟರು ತುಂಬಿದರು. ವಾರ ಕಳೆಯಲಿಲ್ಲ, ಹಾಲಮ್ಮನೇ ಬಂದು ನನ್ನ ಬಾಗಿಲಲ್ಲಿ ನಿಂತಳು. ಮುಖ ಬಿಳಿಚಿಕೊಂಡಿತ್ತು. "ಮತ್ತೆ ಇಳೀತಾ ಐತೆ ಬೀಗರೇ. ಈ ಹುಡುಗಿ ಬಂದು ಆರು ದಿನ ಆಗೈತೆ ಅಷ್ಟೇ" ಅಂದಳು.

ಅವತ್ತು ನಾನು ಕಸುಬಿನ ಕಟ್ಟು ಮುರಿದು ಸಂಜೆ ಹೋದೆ. ಬಾಯ್ಲರು ಉರಿಯುತ್ತಿರುವಾಗ ಮೀಟರಿನ ಎದುರು ಮಣೆ ಹಾಕಿಕೊಂಡು ಕೂತೆ. ಮುಳ್ಳು ಒಂದೂವರೆಯಿಂದ ಎರಡಕ್ಕೆ ಏರಿತು, ಎರಡೂವರೆಗೆ ಏರಿತು, ಮೂರು ದಾಟಿತು. ಗೋಡೆಯಾಚೆ ಗಡಿಗೆಗೆ ನೀರು ಬೀಳುವ ಸದ್ದು ಕೇಳಿತು. ನಾನು ಕೆಂಪು ಟ್ಯಾಂಕಿನ ಪಿನ್ನು ಒತ್ತಿದೆ. ಬಿಸಿನೀರು ನನ್ನ ಮುಖಕ್ಕೆ ಚಿಮ್ಮಿತು. ಹಾಲಮ್ಮ "ಏನಾಯ್ತು, ಏನಾಯ್ತು" ಅನ್ನುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆ ಹಾಕಿದವನು ನಾನು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಹಾಲಮ್ಮನಿಗೆ ಏನೂ ಹೇಳದೆ ಎದ್ದು ಬಂದೆ.

ಬೆಳಕು ಹರಿದ ಮೇಲೆ ಸುಣ್ಣದ ಗೂಡಿಗೆ ಹೋದೆ. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟ ಒಂದು ಗೂಡಿನಲ್ಲಿ ಸಾವಂತ್ರಿ ಇದ್ದಳು, ಕೆಂಚವ್ವ ಅನ್ನುವ ಮುದುಕಿಯ ಜೊತೆ. ಇಬ್ಬರ ನಡುವೆ ಒಂದು ಹೂಜಿ, ಅದರ ಮೇಲೆ ನಾಲ್ಕು ಕೈ. ನನ್ನ ಮಗಳ ಕೆನ್ನೆಯ ಮೂಳೆ ಎದ್ದಿತ್ತು, ತುಟಿ ಒಡೆದಿತ್ತು. "ಬ್ಲಾಡರು ಸೀಳಿತ್ತು ಕಣವ್ವಾ" ಅಂದೆ. "ಗೊತ್ತು ಅಪ್ಪಾ" ಅಂದಳು. ಬಾ ಕೂತ್ಕೋ ಅಂತ ಜಾಗ ಬಿಟ್ಟಳು.

ಅವಳಿಗೆ ಹೋದ ಚಳಿಗಾಲವೇ ಗೊತ್ತಾಗಿತ್ತು. ಗೂಡಿಗೆ ಬಂದ ಹತ್ತೇ ದಿನಕ್ಕೆ ಕೆಂಚವ್ವ ಅವಳ ಕಾಲು ಹಿಡಿದುಕೊಂಡು ಹೇಳಿದ್ದಳಂತೆ. ಮುದುಕಿ ಈಗ ನನ್ನೆದುರೂ ಹೇಳಿದಳು. "ನನ್ನ ಗಂಡನಿಗೆ ಆಗ ಎದೆಗೆ ಚಳಿ ಹೊಕ್ಕಿತ್ತಪ್ಪಾ. ಹಾಲಮ್ಮನ ಹಿತ್ಲ ಗಡಿಗೇಲಿ ದಿನಾ ಅರ್ಧ ಕೊಡದಷ್ಟು ಇರ್ತಿತ್ತು. ಅಷ್ಟನ್ನೂ ತಂದೆ. ಬೊಗಸೆ ಬಿಡ್ಬೇಕು ಅಂತ ಗೊತ್ತಿತ್ತು, ಬಿಡೋಕೆ ಮನಸ್ಸು ಬರ್ಲಿಲ್ಲ. ಸೆರಗಲ್ಲಿ ತಳ ಒರೆಸಿ, ಆ ಸೆರಗನ್ನ ಅವನ ಎದೆ ಮೇಲೆ ಹಾಕ್ತಿದ್ದೆ. ಆದ್ರೂ ಉಳೀಲಿಲ್ಲ." ನಲವತ್ತೊಂದು ವರ್ಷದ ಕಸುಬು ಒಬ್ಬ ಮುದುಕಿಯ ಸೆರಗಿನಲ್ಲಿ ಒರೆಸಿಹೋಗಿತ್ತು. ಅವಳ ಮೇಲೆ ಸಿಟ್ಟೂ ಬರಲಿಲ್ಲ.

"ನನಗ್ಯಾಕೆ ಹೇಳಿ ಕಳಿಸಲಿಲ್ಲ?" ಅಂತ ಸಾವಂತ್ರಿಯನ್ನು ಕೇಳಿದೆ. "ಹೇಳಿದ್ರೆ ನೀನು ಊರ ಹಿರಿಯರ ಮುಂದೆ ಹೇಳ್ತಿದ್ದೆ" ಅಂದಳು. "ಹೇಳಬೇಕಲ್ಲವ್ವಾ, ನಿನ್ನ ಮೇಲಿನ ಮಾತು ಹೋಗಬೇಕಲ್ಲ." ಅವಳು ನಿಧಾನಕ್ಕೆ, ಚಿಕ್ಕ ಮಕ್ಕಳಿಗೆ ತಿಳಿಸುವ ಹಾಗೆ ಹೇಳಿದಳು. "ಬ್ಲಾಡರು ಸೀಳಿತ್ತು ಅಂತೀಯ. ಹಾಗಾದ್ರೆ ಗಡಿಗೆ ಯಾಕೆ ಒಣಗಿತ್ತು ಅಂತ ಅವರು ಕೇಳ್ತಾರೆ. ಗಡಿಗೆ ಮಾತು ಒಂದ್ಸಲ ಬಾಯಿಗೆ ಬಂದ್ರೆ ಮುಗೀತು. ಕಂಡೂ ಕಾಣದ ಹಾಗೆ ಇರೋಕೆ ಆಮೇಲೆ ಯಾರಿಗೂ ಆಗಲ್ಲ, ಎಲ್ಲ ಗಡಿಗೆಗೂ ಮುಚ್ಚಳ ಬೀಳುತ್ತೆ. ಇಲ್ಲಿ ನಲವತ್ತು ಜನ ಅದರ ಮೇಲೇ ಉಸಿರು ಹಿಡಿದಿದ್ದೀವಿ. ಟ್ಯಾಂಕು ಬದಲಾಯಿಸಿ ಸುಮ್ಮನಿದ್ದುಬಿಡು ಅಪ್ಪಾ. ನಾನು ಕಳ್ಳಿ ಅನ್ನಿಸಿಕೊಂಡು ವರ್ಷ ಆಯ್ತು, ಅಭ್ಯಾಸ ಆಗಿದೆ."

ಆಯ್ತು ಅಂತ ತಲೆಯಾಡಿಸಿ ಬಂದೆ. ನಾಲ್ಕು ದಿನ ಸುಮ್ಮನಿದ್ದೆ. ಮಗಳು ಮಾಡದ ಕಳ್ಳತನ ಹೊತ್ತುಕೊಂಡು ಬೂದಿಯಲ್ಲಿ ಮಲಗಿರುವಾಗ ನಾನು ಬೆಚ್ಚಗಿನ ಗೋಡೆಗೆ ಒರಗಿ ಕೂರುವುದು ಹೇಗೆ? ಅವಳ ಹೆಸರು ಶುದ್ಧವಾಗಬೇಕು ಅಂತ ನನಗೆ ಅನ್ನಿಸಿತ್ತು, ಸುಳ್ಳಲ್ಲ. ನನ್ನದೂ ಆಗಲಿ ಅಂತ ಅದರ ಹಿಂದೆಯೇ ಇನ್ನೊಂದು ಆಸೆ ನುಸುಳಿತ್ತೋ ಏನೋ, ದೇವರಿಗೇ ಗೊತ್ತು. ತಪ್ಪೊಪ್ಪಿಕೊಂಡ ಮನುಷ್ಯ ಅನ್ನಿಸಿಕೊಳ್ಳುವುದರಲ್ಲೂ ಒಂದು ದೊಡ್ಡಸ್ತಿಕೆ ಇರುತ್ತದೆ. ಐದನೆಯ ದಿನ ಹಿರಿಯರನ್ನು ಕರೆಸಿ, ಹಾಲಮ್ಮನ ಪಡಸಾಲೆಯಲ್ಲಿ, ಕೆಂಪು ಟ್ಯಾಂಕಿನಿಂದ ಬಿಚ್ಚಿ ತೆಗೆದ ಸೀಳು ಬ್ಲಾಡರನ್ನು ಎತ್ತಿ ಹಿಡಿದು ತೋರಿಸಿದೆ. ಅವಳು ಹೇಳಿದ ಹಾಗೇ ಆಯಿತು. ಹಿರಿಯರಲ್ಲಿ ಒಬ್ಬರು, "ಎಲ್ಲ ಸರಿ ಸಿದ್ಲಿಂಗಣ್ಣ, ಗಡಿಗೆ ಒಣಗಿತ್ತು ಅಂತ ನೀನೇ ಹೇಳಿದ್ದೆಯಲ್ಲ" ಅಂದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೇಳಿಬಿಟ್ಟೆ.

ಯಾರೂ ಕೂಗಲಿಲ್ಲ, ಯಾರನ್ನೂ ಹಿಡಿಯಲು ಹೋಗಲಿಲ್ಲ. ಸಾವಂತ್ರಿ ನಿರಪರಾಧಿ ಅಂತ ಹಿರಿಯರು ಅಲ್ಲೇ ಕಾಗದ ಬರೆದು ಸಹಿ ಹಾಕಿ ಕೊಟ್ಟರು. ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ವಾರ ಪೂರ್ತಿ ಊರಲ್ಲಿ ಕಮ್ಮಾರನಿಗೆ ಪುರುಸೊತ್ತಿರಲಿಲ್ಲ. ಮನೆಮನೆಯ ಗಡಿಗೆಗೂ ಕಬ್ಬಿಣದ ಮುಚ್ಚಳ ಬಂತು, ಮುಚ್ಚಳಕ್ಕೆ ಬೀಗ ಬಂತು. ಅವರೇನು ಕೆಟ್ಟ ಜನವಲ್ಲ. ಕಾಣದೆ ಇದ್ದಾಗ ಬಿಟ್ಟಿದ್ದರು, ಕಂಡ ಮೇಲೆ ಬಿಡಲಾಗಲಿಲ್ಲ.

ಕಾಗದ ಹಿಡಿದುಕೊಂಡು ಮಗಳನ್ನು ಕರೆಯಲು ಹೋದೆ. ಓದಿ ನೋಡಿ ಮಡಿಚಿ ನನ್ನ ಕೈಗೇ ಕೊಟ್ಟಳು. "ನಾಳೆ ಜಾವಕ್ಕೆ ನಾವು ಎಲ್ಲಿಗೆ ಹೋಗೋದು ಅಪ್ಪಾ?" ಅಂದಳು. "ನೀನು ಮನೆಗೆ ಬಾ, ನನ್ನ ಮನೆಗೆ. ಈಗ ಯಾರೂ ಏನೂ ಅನ್ನಂಗಿಲ್ಲ." "ಇವರು?" ಅಂದಳು. ಸುತ್ತ ಗೋಣಿತಟ್ಟಿನ ಸಂದಿಯಿಂದ ಮುಖಗಳು ನೋಡುತ್ತಿದ್ದವು. ನಲವತ್ತು ಜನರನ್ನು ಎರಡು ಕೋಣೆಯ ಮನೆಗೆ ಹೇಗೆ ಕರಕೊಂಡು ಹೋಗಲಿ ನಾನು? "ನಿನ್ನ ಬಾಯಿಂದ ಬಂದದ್ದು, ನನ್ನ ಹೆಸರಿಗೋಸ್ಕರ ಬಂದದ್ದು. ಇವರನ್ನ ಬಿಟ್ಟು ನಾನು ಹ್ಯಾಗೆ ಬರ್ಲಿ?" ಅಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ದಣಿದವಳ ಹಾಗೆ ಹೇಳಿದಳು. ಕೆಂಚವ್ವ ಒಳಗೆ ಕೆಮ್ಮುತ್ತಿದ್ದಳು, ಸಾವಂತ್ರಿ ಅವಳ ಬೆನ್ನು ತಿಕ್ಕಲು ಎದ್ದು ಹೋದಳು.

ಮಾರನೆಯ ದಿನದಿಂದ ನನ್ನ ಮನೆಯ ನೀರನ್ನೇ ಹೊತ್ತೆ. ಬೆಳಗಾಗುತ್ತಲೇ ರೇಡಿಯೇಟರಿನ ಕೀಲಿ ಬಿಚ್ಚಿ ಎರಡು ಕೊಡ ತುಂಬಿಸಿ ಗೂಡಿಗೆ ಒಯ್ಯುತ್ತಿದ್ದೆ. ಸಾವಂತ್ರಿ ಲೋಟದಲ್ಲಿ ಅಳೆದು ಎಲ್ಲರ ಹೂಜಿಗೂ ಹಾಕಿ, ತಾನು ಕೊನೆಯಲ್ಲಿ ಉಳಿದದ್ದನ್ನು ತೆಗೆದುಕೊಳ್ಳುತ್ತಿದ್ದಳು. ಎಷ್ಟೋ ದಿನ ಏನೂ ಉಳಿಯುತ್ತಿರಲಿಲ್ಲ. ನಿನಗೆ ಮೊದಲು ಇಟ್ಟುಕೋ ಅಂತ ಬೈದೆ, ಬೇಡಿಕೊಂಡೆ, ಅವಳು ಕೇಳುವ ಪೈಕಿಯಲ್ಲ. ಹನ್ನೆರಡು ದಿನಕ್ಕೆ ನನ್ನ ಮನೆಯ ಮುಳ್ಳು ಸೊನ್ನೆಗೆ ಬಂತು. ನೆರೆಯವರನ್ನು ಕೇಳಿದೆ. ಮನೆಗಾದರೆ ಕೊಡುತ್ತೇವೆ, ಗೂಡಿಗಲ್ಲ ಅಂದರು.

ಆ ಚಳಿಗಾಲ ಕಳೆಯುವಷ್ಟರಲ್ಲಿ ಗೂಡಿನ ಸಾಲಿನಿಂದ ಹದಿಮೂರು ಹೆಣ ಎತ್ತಿದರು. ಮೊದಲು ಹೋದವಳು ಕೆಂಚವ್ವ. ನನ್ನ ಮಗಳು ಒಂಬತ್ತನೆಯವಳು. ಗೂಡಿನವರನ್ನು ಊರೊಳಗೆ ತರುವ ಹಾಗಿಲ್ಲ, ಅಲ್ಲೇ ಆಚೆ ಮಣ್ಣು ಮಾಡುತ್ತಾರೆ. ಸಾವಂತ್ರಿಗೆ ಮಾತ್ರ ಕಾಗದ ಇತ್ತಲ್ಲ, ನಿರಪರಾಧಿ ಅಂತ. ಹಾಗಾಗಿ ಹಾಲಮ್ಮ, ಮೈಲಾರಿ ಇಬ್ಬರೂ ಬಂದು, ನಮ್ಮ ಮನೆ ಸೊಸೆ ಅಂತ ಮರ್ಯಾದೆಯಿಂದ ಕರಕೊಂಡು ಹೋದರು. ಪಡಸಾಲೆಯಲ್ಲಿ ಚಾಪೆ ಹಾಸಿ, ಗೋಡೆಯ ಬದಿಗೆ, ರೇಡಿಯೇಟರಿನ ಪಕ್ಕ ಮಲಗಿಸಿದರು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಬೆಳಗ್ಗೆ ತಂದಾಗ ಕಲ್ಲಿನ ಹಾಗೆ ತಣ್ಣಗಿತ್ತು. ಜನ ಬಂದು ನೋಡಿ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಬೆಚ್ಚಗಾಯಿತು.